ಉತ್ತರದ ಗಾಳಿ ಬರುವ ಮುನ್ನ

ಮುಂಬೈಯಿಂದ ಮುಂಗಾರು ಕಾಲ್ತೆಗೆಯುವ ವಾಡಿಕೆಯ ದಿನ ಅಕ್ಟೋಬರ್ 8. ಪುಣೆಯದ್ದೂ ಹೆಚ್ಚುಕಡಿಮೆ ಅದೇ ಹೊತ್ತು. ನಮ್ಮ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹಸ್ತ ಮುಗಿದು ಚಿತ್ತಾ ಹಿಡಿಯುವ ಸಮಯ. ಮಳೆ ಹೋಯಿತೆಂದು ಎಲ್ಲರೂ ಕೊಡೆ ಮಡಚಿ ರಜಾಯಿ ಬಿಸಿಲಿಗೆ ಹಾಕುತ್ತಾರೆ. ಅಷ್ಟು ಅವಸರ ಬೇಡ. ಮುಂಗಾರು ಹೋದದ್ದಕ್ಕೂ ಥಂಡಿ ಬರುವುದಕ್ಕೂ ನಡುವೆ ಮೂರು ನಾಲ್ಕು ವಾರಗಳ ಅಂತರವಿದೆ. ವರ್ಷದಲ್ಲಿ ಜನ ಹವಾಮಾನದ ವಿಷಯದಲ್ಲಿ ಹೆಚ್ಚು ಏಮಾರುವುದು ಈ ವಾರಗಳಲ್ಲೇ.

ಮೊದಲು ಸೆಕೆ. ಮುಂಬೈಯ ಅಕ್ಟೋಬರ್ ಹೀಟ್‌ಗೆ ಬಿಸಿಲಿನಷ್ಟೇ ಗಾಳಿಯೂ ಕಾರಣ. ಮುಂಗಾರಿನ ಪಡುವಣ ಗಾಳಿ ನಿಂತ ಮೇಲೆ ಬೆಳಿಗ್ಗೆಯೆಲ್ಲ ಘಟ್ಟದ ಕಡೆಯಿಂದ, ಅಂದರೆ ಮೂಡಲಿಂದ ಗಾಳಿ ಇಳಿಯುತ್ತದೆ. ಇಳಿಯುವ ಒಣಗಾಳಿ ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿಯಂತೆ ಕಾಯುತ್ತದೆ. ಸಮುದ್ರದ ಗಾಳಿ ಹನ್ನೊಂದು ಗಂಟೆಗೇ ಶುರುವಾದರೆ ದಿನ ಸಹ್ಯ. ಮಧ್ಯಾಹ್ನ ಎರಡರವರೆಗೆ ತಡವಾದರೆ ಸಾಂತಾಕ್ರೂಜ್‌ನಲ್ಲಿ ಪಾದರಸ 35 ದಾಟುತ್ತದೆ. ಅದೇ ದಿನ ಕೊಲಾಬಾದಲ್ಲಿ ಎರಡು ಮೂರು ಡಿಗ್ರಿ ಕಡಿಮೆ ಇದ್ದರೆ ಆಶ್ಚರ್ಯವಿಲ್ಲ, ಅದು ಮೂರು ಕಡೆ ನೀರಿರುವ ಮೂಲೆ.

ಪುಣೆಯಲ್ಲಿ ಸೆಕೆಗಿಂತ ಸಂಜೆಯ ಗುಡುಗು ಮಳೆಯದೇ ಕಾಟ. ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿರುತ್ತದೆ, ಮಧ್ಯಾಹ್ನಕ್ಕೆ ಹೂಕೋಸಿನಂಥ ಮೋಡಗಳು ಮೇಲೇಳುತ್ತವೆ, ನಾಲ್ಕರಿಂದ ಏಳರೊಳಗೆ ಒಂದೇ ಬಡಾವಣೆಗೆ ಸುರಿದು ಹೋಗುತ್ತವೆ. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯ ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿದ್ದು ಮುಂಗಾರು ಮುಗಿಯುತ್ತ ಬಂದಾಗಿನ ಇಂಥದ್ದೇ ಮಳೆಗೆ. ಮಿಂಚು ಕಂಡು ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಮೈದಾನಕ್ಕೆ ಇಳಿಯಬೇಡಿ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ ಎಚ್ಚರಿಕೆಗಳನ್ನು ನೋಡುವಾಗ ಅದು ಪುಣೆ ಜಿಲ್ಲೆಯ ಘಾಟ್ ಭಾಗಕ್ಕೋ ಊರಿಗೋ ಎಂದು ಓದಿಕೊಳ್ಳಿ. ಎರಡಕ್ಕೂ ಬೇರೆಬೇರೆ ಎಚ್ಚರಿಕೆ ಕೊಡುತ್ತಾರೆ. ಸಂಜೆ ಕಾರ್ಯಕ್ರಮ ಇಟ್ಟುಕೊಂಡವರಿಗೆ ಬೆಳಗಿನ ಮುನ್ಸೂಚನೆಗಿಂತ ಮೂರು ಗಂಟೆಗಳ ಮಟ್ಟಿಗೆ ಬರುವ ನೌಕಾಸ್ಟ್ ಹೆಚ್ಚು ಉಪಯೋಗ.

ಇನ್ನು ಥಂಡಿ. ಅಮೆರಿಕದಲ್ಲಿರುವ ಮಕ್ಕಳು ಫೋನಿನಲ್ಲಿ ಹೇಳುವ ಕೋಲ್ಡ್ ಫ್ರಂಟ್ ಇಲ್ಲಿಗೆ ಆ ರೂಪದಲ್ಲಿ ಬರುವುದಿಲ್ಲ. ಅಲ್ಲಿ ಭಾರವಾದ ತಣ್ಣನೆ ಗಾಳಿ ಬೆಚ್ಚನೆ ಗಾಳಿಯ ಅಡಿಗೆ ನುಗ್ಗಿ, ಕೆಲವೇ ಗಂಟೆಗಳಲ್ಲಿ ಉಷ್ಣಾಂಶ ಹತ್ತು ಹದಿನೈದು ಡಿಗ್ರಿ ಕುಸಿಯುತ್ತದೆ. ನಮ್ಮಲ್ಲಿ ಆ ಕೆಲಸ ಮಾಡುವುದು ಪಶ್ಚಿಮದ ಕ್ಷೋಭೆ, ಅಂದರೆ ಪಡುವಣದಿಂದ ಸರಿದು ಬರುವ ವಾಯುಭಾರ ಕುಸಿತ, ಪತ್ರಿಕೆಗಳು ವೆಸ್ಟರ್ನ್ ಡಿಸ್ಟರ್ಬನ್ಸ್ ಎನ್ನುವುದು. ಮೆಡಿಟರೇನಿಯನ್ ಕಡೆಯಿಂದ ಹೊರಟು ಕಾಶ್ಮೀರ, ಹಿಮಾಚಲಕ್ಕೆ ಹಿಮ ಸುರಿಸಿ ಅದು ಮೂಡಲಿಗೆ ಸರಿದಾಗ, ಹಿಂದಿನಿಂದ ವಾಯವ್ಯದ ಒಣ ತಣ್ಣನೆ ಗಾಳಿ ರಾಜಸ್ಥಾನ, ಗುಜರಾತ್ ದಾಟಿ ನಮ್ಮತ್ತ ಹರಿಯುತ್ತದೆ. ದಾರಿಯುದ್ದಕ್ಕೂ ನೆಲದ ಮೇಲೆ ಕಾಯುತ್ತ ಬರುವುದರಿಂದ ದೆಹಲಿಯ ಚಳಿಯ ಒಂದು ಪಾಲಷ್ಟೇ ಪುಣೆಗೆ ಸಿಗುತ್ತದೆ. ಮುಂಬೈಗೆ ಇನ್ನೂ ಕಡಿಮೆ.

ಏಮಾರುವುದು ಇಲ್ಲೇ. ಕ್ಷೋಭೆ ಹತ್ತಿರ ಬರುವಾಗ ಥಂಡಿ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಗಾಳಿ ಆಗ್ನೇಯ ಅಥವಾ ದಕ್ಷಿಣಕ್ಕೆ ತಿರುಗುತ್ತದೆ, ಎತ್ತರದಲ್ಲಿ ತೆಳು ಮೋಡ ಹರಡುತ್ತದೆ, ರಾತ್ರಿಯ ಉಷ್ಣಾಂಶ ಎರಡು ಮೂರು ಡಿಗ್ರಿ ಏರುತ್ತದೆ. ಈ ವರ್ಷ ಥಂಡಿಯೇ ಇಲ್ಲ ಎಂಬ ಮಾತು ಹೆಚ್ಚಾಗಿ ಹುಟ್ಟುವುದು ಆ ದಿನವೇ. ಮನಾಲಿ, ಗುಲ್ಮಾರ್ಗ್‌ನಲ್ಲಿ ಹಿಮ ಬಿದ್ದ ಫೋಟೋ ಪತ್ರಿಕೆಯಲ್ಲಿ ಕಂಡರೆ ಎರಡು ಮೂರು ದಿನ ಕಾಯಿರಿ. ಗಾಳಿ ಉತ್ತರಕ್ಕೆ ತಿರುಗಿದ ಮೊದಲ ರಾತ್ರಿಯೂ ತೀರಾ ತಣ್ಣಗಿರುವುದಿಲ್ಲ, ಏಕೆಂದರೆ ಬೀಸುವ ಗಾಳಿ ನೆಲದ ಹತ್ತಿರದ ತಂಪನ್ನು ಕಲಕುತ್ತದೆ. ಗಾಳಿ ನಿಂತು ಆಕಾಶ ತಿಳಿಯಾಗುವ ಎರಡನೆಯ, ಮೂರನೆಯ ರಾತ್ರಿಯೇ ಕನಿಷ್ಠ ಉಷ್ಣಾಂಶ ತಳ ಕಾಣುವುದು.

ಆದ್ದರಿಂದ ಮೊಬೈಲಿನಲ್ಲಿ ಉಷ್ಣಾಂಶದ ಅಂಕಿಗಿಂತ ಡ್ಯೂ ಪಾಯಿಂಟ್ ನೋಡುವುದು ಜಾಣತನ. ಗಾಳಿಯಲ್ಲಿರುವ ತೇವ ಇಬ್ಬನಿಯಾಗಲು ಎಷ್ಟು ಡಿಗ್ರಿಗೆ ತಂಪಾಗಬೇಕು ಎಂಬುದನ್ನು ಅದು ಹೇಳುತ್ತದೆ. ಅಕ್ಟೋಬರ್ ಮೊದಲಿಗೆ 20ರ ಮೇಲಿರುತ್ತದೆ, ಮೈ ಅಂಟಂಟು. ಅದು 12ರ ಕೆಳಗೆ ಬಂದು ಗಾಳಿಯ ದಿಕ್ಕು ಉತ್ತರ ಅಥವಾ ವಾಯವ್ಯ ಎಂದಿದ್ದರೆ ಥಂಡಿ ನಿಜವಾಗಿ ಬಂದಿದೆ ಎಂದರ್ಥ. ತುಟಿ ಒಡೆಯುವುದು, ಸ್ವೆಟರ್ ಬಿಚ್ಚುವಾಗ ಚಟಪಟ ಎನ್ನುವುದು ಆಗಲೇ. ಗಾಳಿ ಒಣಗಿದಷ್ಟೂ ನೆಲದ ಶಾಖ ರಾತ್ರಿ ಸಲೀಸಾಗಿ ಮೇಲೆ ಹೋಗುತ್ತದೆ, ಅದಕ್ಕೇ ಪುಣೆಯಲ್ಲಿ ಮಧ್ಯಾಹ್ನ 30, ಬೆಳಗಿನ ಜಾವ 13 ಇರುವುದು.

ಪುಣೆ ಊರೊಳಗೂ ವ್ಯತ್ಯಾಸ ಸಣ್ಣದಲ್ಲ. ತಣ್ಣನೆ ಗಾಳಿ ನೀರಿನಂತೆ ತಗ್ಗಿಗೆ ಹರಿಯುತ್ತದೆ. ಪಾಷಾಣ್‌ನ ತಗ್ಗು, ನದಿ ಬದಿ ಹೆಚ್ಚು ತಂಪು, ಬಾಣೇರ್ ಗುಡ್ಡದ ಮೇಲಿನ ಹದಿನೈದನೆಯ ಮಹಡಿ ಬೆಚ್ಚಗೆ. ಬಾಲ್ಕನಿ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಥರ್ಮಾಮೀಟರ್ ಗೋಡೆಯ ಬಿಸಿಯನ್ನು ತೋರಿಸುತ್ತದೆ, ಗಾಳಿಯದನ್ನಲ್ಲ. ವೀಕ್ಷಣಾಲಯದಲ್ಲಿ ಅದನ್ನು ನೆಲದಿಂದ ಸುಮಾರು ನಾಲ್ಕು ಅಡಿ ಮೇಲೆ, ಗಾಳಿಯಾಡುವ ಬಿಳಿ ಮರದ ಪೆಟ್ಟಿಗೆಯಲ್ಲಿ ನೆರಳಿಗಿಡುತ್ತಾರೆ. ಶಿವಾಜಿನಗರದ ಹವಾಮಾನ ಕಚೇರಿಗೆ ಸಿಮ್ಲಾ ಆಫೀಸ್ ಎಂಬ ಹೆಸರು ಅಂಟಿದ್ದು, 1928ರಲ್ಲಿ ಇಲಾಖೆಯ ಕೇಂದ್ರ ಕಚೇರಿ ಶಿಮ್ಲಾದಿಂದ ಇಲ್ಲಿಗೆ ಬಂದದ್ದರಿಂದ. ಚೌಕಕ್ಕೂ ಅದೇ ಹೆಸರು.

ಶೀತಗಾಳಿ ಎಂಬ ಪದವನ್ನು ಟಿವಿಯವರು ಧಾರಾಳವಾಗಿ ಬಳಸುತ್ತಾರೆ. ಇಲಾಖೆಯ ಅಳತೆ ಬಿಗಿ: ಬಯಲು ನಾಡಿನಲ್ಲಿ ಕನಿಷ್ಠ ಉಷ್ಣಾಂಶ 10 ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಜೊತೆಗೆ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಇಳಿದಿರಬೇಕು. ವಾಡಿಕೆ 12 ಇದ್ದರೆ 7.5ಕ್ಕೆ ಬಂದಾಗ ಮಾತ್ರ. ಕರಾವಳಿಗೆ 10ರ ಬದಲು 15. ಮುಂಬೈ ಸಾಂತಾಕ್ರೂಜ್‌ನ ದಾಖಲೆ 7.4 ಡಿಗ್ರಿ, 1962ರ ಜನವರಿ 22ರದ್ದು.

ಬಂದ ಥಂಡಿಯನ್ನು ಓಡಿಸುವುದು ಸಮುದ್ರ. ಅರಬ್ಬಿ ಸಮುದ್ರದಲ್ಲೋ ಬಂಗಾಳ ಕೊಲ್ಲಿಯಲ್ಲೋ ವಾಯುಭಾರ ಕುಸಿದರೆ ಮೋಡ, ತೇವ ಬಂದು ರಾತ್ರಿ ಮತ್ತೆ 20ಕ್ಕೆ ಏರುತ್ತದೆ. 2009ರ ನವೆಂಬರ್ 11ರಂದು ಫಿಯಾನ್ ಚಂಡಮಾರುತ ಕೊಂಕಣ ಕರಾವಳಿಗೆ ಬಂದದ್ದು ದೀಪಾವಳಿ ಮುಗಿದ ಮೇಲೆ. ಗೋವಾ, ರತ್ನಾಗಿರಿ ಕಡೆಯ ಓದುಗರು ನವೆಂಬರ್ ಕೊನೆಯವರೆಗೂ ಸಮುದ್ರದ ಸುದ್ದಿ ಬಿಡಬಾರದು.

ಮುಂಜಾನೆ ವಾಕಿಂಗ್ ಹೋಗುವ ಹಿರಿಯರಿಗೊಂದು ಮಾತು. ಥಂಡಿಯ ಬೆಳಗು ನೆಲದ ಬಳಿ ತಂಪು, ಮೇಲೆ ಬೆಚ್ಚಗೆ ಇರುವುದರಿಂದ ಹೊಗೆ, ಧೂಳು ಮೇಲೇಳದೆ ಅಲ್ಲೇ ತಂಗುತ್ತದೆ. ಬಿಸಿಲು ಬಿದ್ದ ಒಂದೂವರೆ ಎರಡು ಗಂಟೆಯಲ್ಲಿ ಆ ಮುಚ್ಚಳ ಒಡೆಯುತ್ತದೆ. ಉಬ್ಬಸ, ಹೃದಯದ ತೊಂದರೆ ಇದ್ದವರು ಆರಕ್ಕೆ ಬದಲು ಎಂಟೂವರೆಗೆ ಹೊರಡಲಿ.

ನವೆಂಬರ್ 1ರ ರಾಜ್ಯೋತ್ಸವವನ್ನು ಬಯಲಲ್ಲಿ ಮಾಡುವ ಕನ್ನಡ ಸಂಘದ ಶಾಖೆಗಳು ಶಾಮಿಯಾನಕ್ಕೆ ಮೇಲ್ಹೊದಿಕೆ ಕಡ್ಡಾಯವಾಗಿ ಹೇಳಲಿ: ಮಳೆ ತಪ್ಪಿದರೂ ತಿಳಿ ಆಕಾಶವಿದ್ದರೆ ರಾತ್ರಿ ಒಂಬತ್ತರ ಸುಮಾರಿಗೆ ಇಬ್ಬನಿ ಬಿದ್ದು ಕುರ್ಚಿ ಒದ್ದೆಯಾಗುತ್ತದೆ, ಧ್ವನಿವರ್ಧಕದ ಮಿಕ್ಸರ್ ಮೇಲೂ ನೀರು ಕೂರುತ್ತದೆ. ಅದಕ್ಕೊಂದು ತಾಡಪಾಲು ಇರಲಿ. ಊರಿಗೆ ಕಾರಿನಲ್ಲಿ ಹೊರಡುವವರು ಡಿಸೆಂಬರಿನಲ್ಲಿ ಕರಾಡ್‌ನ ಕೃಷ್ಣಾ, ಕೊಯ್ನಾ ನದಿ ಬಯಲನ್ನು ಬೆಳಿಗ್ಗೆ ನಾಲ್ಕರಿಂದ ಏಳರ ನಡುವೆ ದಾಟದಂತೆ ಸಮಯ ಹೊಂದಿಸಿಕೊಳ್ಳಿ. ಮಂಜು ಸಿಕ್ಕರೆ ಹೈಬೀಮ್ ಹಾಕಬೇಡಿ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ.