ಸ್ಯಾಂಡಿ ಬೇ ಊರಿನ ಕೂವೆ ಹಿಟ್ಟು

ಎಲ್ರಿಗೂ ನಮಸ್ಕಾರ. ಈ ಸಲದ ಅಡುಗೆ ಪುಟಕ್ಕೆ ನಮ್ಮ ಸಂಘದ ಅಕ್ಕ ಒಬ್ರು ಕೂವೆ ಹಿಟ್ಟಿನ ಮಣ್ಣಿ ಬರೆದು ಕಳಿಸಿದಾರೆ, ಜೊತೆಗೆ ಒಂದು ಪ್ರಶ್ನೆ, ಇಲ್ಲಿ ಅಂಗಡಿಲಿ ಆರೋರೂಟ್ ಅಂತ ಸಿಗುತ್ತಲ್ಲ ಅದನ್ನ ಹಾಕಬಹುದಾ ಅಂತ. ಧಾರಾಳವಾಗಿ ಹಾಕಿ. ಆದ್ರೆ ಆ ಹೆಸರು ಕೇಳಿದಾಗೆಲ್ಲ ನಂಗೆ ನೆನಪಾಗೋದು ಕೆರಿಬಿಯನ್ನಿನ ಸೇಂಟ್ ವಿನ್ಸೆಂಟ್ ದ್ವೀಪ, ಒಂದು ಕಾಲದಲ್ಲಿ ಪ್ರಪಂಚಕ್ಕೆಲ್ಲ ಆರೋರೂಟ್ ಹೋಗ್ತಿದ್ದಿದ್ದು ಹೆಚ್ಚಾಗಿ ಅಲ್ಲಿಂದಾನೇ.

ಆ ದ್ವೀಪದ ಉತ್ತರಕ್ಕೆ ಲಾ ಸೂಫ್ರಿಯೇರ್ ಅನ್ನೋ ಜ್ವಾಲಾಮುಖಿ, ಅದರ ಬುಡದಲ್ಲಿ ಸಮುದ್ರಕ್ಕೆ ಅಂಟ್ಕೊಂಡ ಹಾಗೆ ಸ್ಯಾಂಡಿ ಬೇ, ಓವಿಯಾ, ಫ್ಯಾನ್ಸಿ ಅಂತ ಪುಟ್ಟ ಊರುಗಳು. ಅಲ್ಲಿರೋರು ಬಹುಪಾಲು ದ್ವೀಪದ ಮೂಲನಿವಾಸಿ ಕಲಿನಾಗೊ, ಗರಿಫುನಾ ಜನರ ವಂಶದೋರು. ಇವರ ಹಿರಿಯರಲ್ಲಿ ಸಾವಿರಾರು ಜನರನ್ನ ಬ್ರಿಟಿಷರು ಹಿಡಿದು ಬ್ಯಾಲಿಸೋ ಅನ್ನೋ ನೀರಿಲ್ಲದ ನಡುಗಡ್ಡೇಲಿ ಕೂಡಿಹಾಕಿದ್ರು, ಅರ್ಧಕ್ಕರ್ಧ ಜನ ಅಲ್ಲೇ ಸತ್ರು, ಉಳಿದೋರನ್ನ 1797ರಲ್ಲಿ ಹಡಗು ಹತ್ತಿಸಿ ಹೊಂಡುರಾಸ್ ಕಡೆಗೆ ಸಾಗಿಸಿಬಿಟ್ರು. ಹೇಗೋ ತಪ್ಪಿಸ್ಕೊಂಡು ಉಳಿದೋರ ಮಕ್ಕಳು ಮೊಮ್ಮಕ್ಕಳು ಈ ಊರುಗಳಲ್ಲಿರೋದು.

1902ರ ಮೇ 7ಕ್ಕೆ ಬೆಟ್ಟ ಸಿಡಿದಾಗ ಸುಮಾರು 1,600 ಜನ ಹೋದ್ರು, ಅದರಲ್ಲೂ ಈ ಜನಾನೇ ಜಾಸ್ತಿ. 1979ರಲ್ಲಿ ಬೆಟ್ಟ ಮತ್ತೆ ಸಿಡೀತು. ಆಮೇಲೆ 2021ರ ಏಪ್ರಿಲ್ 9, ಕೋವಿಡ್ ಕಾಲ ಬೇರೆ, ಆದ್ರೆ ವಿಜ್ಞಾನಿಗಳು ತಿಂಗಳುಗಟ್ಟಲೆ ಬೆಟ್ಟ ಕಾಯ್ತಾ ಇದ್ರು, ಹಿಂದಿನ ದಿನಾನೇ ಊರು ಖಾಲಿ ಮಾಡಿಸಿದ್ರು, ಹಾಗಾಗಿ ಸಿಡಿತಕ್ಕೆ ನೇರವಾಗಿ ಒಬ್ರೂ ಬಲಿಯಾಗ್ಲಿಲ್ಲ. ಮನೆ, ತೋಟ, ರಸ್ತೆ ಮಾತ್ರ ಬೂದಿಮಯ. ಆ ಬೂದಿ ಒಲೆ ಬೂದಿ ತರ ಹಗುರ ಅಲ್ಲ, ಪುಡಿಯಾದ ಕಲ್ಲು ಅದು, ಮಳೆ ಬಿದ್ರೆ ಸಿಮೆಂಟಿನ ಹಾಗೆ ಸೂರಿನ ಮೇಲೆ ಕೂತ್ಕೊಳ್ಳುತ್ತೆ.

ಮತ್ಯಾಕೆ ಅಲ್ಲಿಗೇ ವಾಪಸ್ ಹೋಗ್ತಾರೆ ಅಂತ ಕೇಳ್ತೀರಾ? ಊರು ಬಿಟ್ಟು ಬಂದಿರೋ ನಾವು ಆ ಪ್ರಶ್ನೆ ಕೇಳಬಾರದು ಅನ್ಸುತ್ತೆ ನಂಗೆ. ಅಷ್ಟೆಲ್ಲ ಕಳ್ಕೊಂಡ ಮೇಲೆ ಉಳಿದಿರೋ ನೆಲ ಅದೊಂದೇ, ಗೆಡ್ಡೆ ಬೆಳೆಯೋದೂ ಆ ಇಳಿಜಾರಲ್ಲೇ. ಅಗೆದು, ತೊಳೆದು, ಅರೆದು, ನೀರಲ್ಲಿ ಕಲಸಿ ಸೋಸಿ ಇಟ್ರೆ ತಳದಲ್ಲಿ ಬೆಳ್ಳಗೆ ಹಿಟ್ಟು ಕೂರುತ್ತೆ. ನಮ್ಮಜ್ಜಿ ಬಟ್ಟೆ ಕಟ್ಟಿ ಸೋಸಿ, ಮತ್ತೆ ಮತ್ತೆ ನೀರು ಬದಲಿಸಿ ಮಾಡ್ತಿದ್ದಿದ್ದೂ ಇದನ್ನೇ ಅಲ್ವಾ.

ಮಣ್ಣಿ ಮಾಡೋವಾಗ ಹಿಟ್ಟನ್ನ ಮೊದಲು ತಣ್ಣೀರಲ್ಲೇ ಕಲಸ್ಕೊಳ್ಳಿ, ಇಲ್ಲಾಂದ್ರೆ ಗಂಟಾಗುತ್ತೆ. ಪ್ಯಾಕೆಟ್ ಹಿಂದೆ ಸೇಂಟ್ ವಿನ್ಸೆಂಟ್ ಅಂತ ಏನಾದ್ರೂ ಕಂಡ್ರೆ ದಯವಿಟ್ಟು ನಂಗೊಂದು ಮೆಸೇಜ್ ಹಾಕಿ, ಯಾವ ಅಂಗಡಿ ಅಂತಾನೂ ಬರೀರಿ.