ಹಕ್ಕಿ ನೋಡುವವರ ಹೊಟ್ಟೆಪಾಡು

ಮುಲುಂಡ್, ಮುಂಬಯಿ

ಚಿ. ಮೈತ್ರಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಪುಣೆಯಿಂದ ನೀನು ಬರೆದ ಪತ್ರವನ್ನು ಅಮ್ಮನೂ ನಾನೂ ಓದಿದೆವು. ಬಿ.ಕಾಂ. ಬಿಟ್ಟು ಪ್ರಾಣಿಶಾಸ್ತ್ರಕ್ಕೆ ಸೇರುವ ಯೋಚನೆ ಬಂದಿದೆ ಎಂದೂ, ಲೆಕ್ಕಪತ್ರದ ಉದ್ಯೋಗ ಹಿಡಿದರೆ ಹಕ್ಕಿಗಳು ಕೈತಪ್ಪಿ ಹೋಗುತ್ತವೆ ಎಂಬ ಭಯವೇ ಅದಕ್ಕೆ ಕಾರಣವೆಂದೂ ಬರೆದಿದ್ದೀಯೆ. ನಿನ್ನ ಯೋಚನೆಗೆ ನಮ್ಮ ಆಕ್ಷೇಪವಿಲ್ಲ. ಆದರೆ ಆ ಭಯದ ಕುರಿತು ವಿವರವಾಗಿ ಬರೆಯಬೇಕೆನಿಸಿತು. ಹಕ್ಕಿ ನೋಡಲೆಂದು ಭಾಂಡುಪ್ ಪಂಪಿಂಗ್ ಸ್ಟೇಷನ್ನಿಗೂ ಶಿವಡಿಯ ಜೆಟ್ಟಿಗೂ ನಮ್ಮೊಡನೆ ಬರುವವರನ್ನು ನೀನು ಚಿಕ್ಕಂದಿನಿಂದ ಕಂಡಿದ್ದೀಯೆ. ಆದರೆ ಸೋಮವಾರ ಬೆಳಗಾದರೆ ಅವರು ಎಲ್ಲಿಗೆ ಹೋಗುತ್ತಾರೆ, ಏನು ಮಾಡುತ್ತಾರೆ ಎಂಬುದನ್ನು ಯಾರೂ ನಿನಗೆ ಹೇಳಿಲ್ಲ.

ನೀನು ಟೋಪಿ ಮಾಮ ಎಂದು ಕರೆಯುವವರು ಹಾರ್ಬರ್ ಲೈನಿನ ಮೋಟರ್‌ಮನ್. ಮಾನ್‌ಖುರ್ದ್ ದಾಟಿ ವಾಶಿಯ ಕಡೆಗೆ ಹೋಗುವ ಲೋಕಲ್ ಗಾಡಿ ಠಾಣೆ ಖಾರಿಯ, ಅಂದರೆ ಸಮುದ್ರದ ಕಿರುಕೊಲ್ಲಿಯ, ಸೇತುವೆಯ ಮೇಲೆ ಹಾಯುತ್ತದಷ್ಟೆ. ಉಬ್ಬರ ಏರಿದೆಯೋ ಇಳಿಯುತ್ತಿದೆಯೋ, ಕೆಸರು ಎಷ್ಟು ತೆರೆದುಕೊಂಡಿದೆಯೋ ಅವರಿಗೆ ಪಂಚಾಂಗ ನೋಡದೆಯೂ ಗೊತ್ತಿರುತ್ತದೆ. ರಾಜಹಂಸಗಳು (ಫ್ಲೆಮಿಂಗೊಗಳು) ಮೇಯುವುದು ಆ ಕೆಸರಿನಲ್ಲಿಯೇ ಆದ್ದರಿಂದ, ಶಿವಡಿಗೆ ಎಷ್ಟು ಹೊತ್ತಿಗೆ ತಲುಪಬೇಕೆಂದು ನಾವೆಲ್ಲ ಕೇಳುವುದು ಅವರನ್ನೇ. ಅವರ ವಾರದ ರಜೆ ಭಾನುವಾರ ಬೀಳುವುದು ಅಪರೂಪ. ಮಂಗಳವಾರವೋ ಗುರುವಾರವೋ ಒಬ್ಬರೇ ಹೋಗಿ ಎಣಿಸಿ ಬರೆದಿಡುತ್ತಾರೆ. ನಮ್ಮಂಥವರೆಲ್ಲ ರಜೆಯ ದಿನವೇ ಹೋಗುವುದರಿಂದ ಊರಿನ ಹಕ್ಕಿಗಳ ದಾಖಲೆಯಲ್ಲಿ ವಾರದ ನಡುವಿನ ದಿನಗಳು ತೆಳುವಾಗಿರುತ್ತವೆ. ಆ ಕೊರತೆಯನ್ನು ತುಂಬುತ್ತಿರುವುದು ರೈಲ್ವೆಯ ಡ್ಯೂಟಿ ಪಟ್ಟಿ ಎಂದರೆ ನನಗೆ ನಿಜವಾಗಿಯೂ ಸಂತೋಷವಾಗುತ್ತದೆ.

ಮಾಟುಂಗಾದ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುವ ಕುಂದಾಪುರದ ನಮ್ಮ ಶೆಟ್ಟರಿಗೆ ಅಷ್ಟು ಬಿಡುವೂ ಇಲ್ಲ. ಅವರು ಖಾರಿಗೆ ಬಂದದ್ದು ಬಹಳ ಕಡಿಮೆ. ಆದರೆ ನಸುಕಿನಲ್ಲಿ ಹಾಲಿನ ಗಾಡಿ ಬರುವ ಮೊದಲು ಹೋಟೆಲಿನ ತಾರಸಿಗೆ ಹೋಗಿ, ಕೋಗಿಲೆ ಕೂಗಲು ತೊಡಗಿದ ದಿನವನ್ನೂ, ಮಳೆಗಾಲದ ಮುಂಚೆ ಚಾತಕ ಕಾಣಿಸಿದ ದಿನವನ್ನೂ ವರ್ಷವರ್ಷವೂ ಹಳೆಯ ಖಾತೆ ಪುಸ್ತಕದಲ್ಲಿ ದಾಖಲಿಸುತ್ತ ಬಂದಿದ್ದಾರೆ. ಜಮಾ ಖರ್ಚು ಬರೆದು ಪಳಗಿದ ಕೈ ಅದು. ಒಂದು ಸಾಲನ್ನೂ ಅಂದಾಜಿನಿಂದ ಬರೆದಿಲ್ಲ.

ಇದು ನಮ್ಮ ಗುಂಪಿನಲ್ಲಿ ಮಾತ್ರ ಕಾಣುವ ವಿಶೇಷವೇನಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು 1883ರ ಸೆಪ್ಟೆಂಬರಿನಲ್ಲಿ ಕಟ್ಟಿದ ಎಂಟು ಮಂದಿಯಲ್ಲಿ ಆತ್ಮಾರಾಮ ಪಾಂಡುರಂಗರೂ ಸಖಾರಾಮ ಅರ್ಜುನರೂ ವೈದ್ಯರು, ಸ್ವಿನ್‌ಹೋ ಸೈನ್ಯದ ಕರ್ನಲ್, ಐಟ್ಕನ್ ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ. ಸೊಸೈಟಿಗೆ ಆರಂಭದಲ್ಲಿ ತನ್ನ ಅಂಗಡಿಯಲ್ಲೇ ಜಾಗ ಕೊಟ್ಟ ಫಿಪ್ಸನ್ ವೈನ್ ವ್ಯಾಪಾರಿ. ನಮ್ಮ ಕಾರವಾರವಂತೂ ಇನ್ನೂ ಸೊಗಸಾದ ಉದಾಹರಣೆ. ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಕಾಲದಲ್ಲಿ ಜಿಲ್ಲಾ ಕಲೆಕ್ಟರ್ ಡೇವಿಡ್ಸನ್, ಅರಣ್ಯ ಇಲಾಖೆಯ ಬೆಲ್, ಸುಂಕದ ಇದೇ ಐಟ್ಕನ್, ಮೂವರೂ ಕೂಡಿ ಜಿಲ್ಲೆಯ ಚಿಟ್ಟೆಗಳನ್ನು ಅಭ್ಯಾಸ ಮಾಡಿ, ಅವುಗಳ ಕಂಬಳಿಹುಳುಗಳು ಯಾವ ಗಿಡ ತಿನ್ನುತ್ತವೆ ಎಂಬುದರವರೆಗೆ ಬರೆದು ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂರು ಬೇರೆ ಬೇರೆ ಕಚೇರಿಗಳ ಮೂವರು ಅಧಿಕಾರಿಗಳನ್ನು ಒಂದೇ ಗಿಡದ ಬುಡಕ್ಕೆ ತಂದದ್ದು ಅವರ ಹವ್ಯಾಸ. ನಮ್ಮ ಅಜ್ಜನ ಊರಿನ ಕಾಡಿನಲ್ಲೇ ಇದು ನಡೆಯಿತೆಂಬುದು ನಿನಗೆ ಗೊತ್ತಿರಲೆಂದು ಬರೆಯುತ್ತಿದ್ದೇನೆ.

ನೀನು ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಹೆಸರನ್ನು ಎತ್ತಿದ್ದೀಯೆ. ಅವರ ಬದುಕನ್ನು ಮೊದಲಿನಿಂದ ನೋಡು. ಹುಡುಗನಾಗಿದ್ದಾಗ ಹೊಡೆದು ತಂದ ಹಳದಿ ಕತ್ತಿನ ಗುಬ್ಬಿಯನ್ನು ಗುರುತಿಸಿ, ಸೊಸೈಟಿಯ ಸಂಗ್ರಹವನ್ನು ಅವರಿಗೆ ತೆರೆದು ತೋರಿಸಿದ ಮಿಲಾರ್ಡ್ ಕೂಡ ವೈನ್ ವ್ಯಾಪಾರದವರೇ. ಮುಂದೆ ಸಲೀಂ ಅಲಿ ಬರ್ಮಾಕ್ಕೆ ಹೋಗಿ ಮನೆಯವರ ಗಣಿ ಮತ್ತು ಮರದ ವ್ಯವಹಾರ ನೋಡಿಕೊಂಡರು. ಮರಳಿ ಬಂದು ಮುಂಬಯಿಯ ದಾವರ್ ಕಾಲೇಜಿನಲ್ಲಿ ವಾಣಿಜ್ಯ ಕಾನೂನು ಮತ್ತು ಲೆಕ್ಕಪತ್ರವನ್ನು, ಜೊತೆಗೆ ಸೇಂಟ್ ಝೇವಿಯರ್ಸ್‌ನಲ್ಲಿ ಪ್ರಾಣಿಶಾಸ್ತ್ರವನ್ನು ಕಲಿತರು. ಪದವಿಯಿಲ್ಲದ ಕಾರಣ ಸರಕಾರಿ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯಲ್ಲಿ ಕೆಲಸ ಸಿಗಲಿಲ್ಲ. ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನಲ್ಲಿ ಸಿಕ್ಕಿದ್ದ ಗೈಡ್ ಉಪನ್ಯಾಸಕರ ಹುದ್ದೆಯೂ ಅವರು ಬರ್ಲಿನ್ನಿನಲ್ಲಿ ತರಬೇತಿ ಪಡೆದು 1930ರಲ್ಲಿ ಮರಳುವಷ್ಟರಲ್ಲಿ ಹಣವಿಲ್ಲವೆಂದು ರದ್ದಾಗಿತ್ತು. ಗೀಜಗದ ಗೂಡುಗಳ ಕುರಿತ ಅವರ ಪ್ರಸಿದ್ಧ ಅಧ್ಯಯನ ನಡೆದದ್ದು ಆ ನಿರುದ್ಯೋಗದ ದಿನಗಳಲ್ಲಿ, ಅಲಿಬಾಗಿನ ಹತ್ತಿರದ ಕಿಹಿಮ್ಮಿನಲ್ಲಿ. ಹಕ್ಕಿಗಳು ಅವರ ಪಾಲಿಗೆ ಒಂದು ಹುದ್ದೆಯಾಗಿ ಬರಲಿಲ್ಲ; ಹುದ್ದೆ ಇದ್ದಾಗಲೂ ಇಲ್ಲದಾಗಲೂ ಅವರು ಅವುಗಳನ್ನು ಬಿಡಲಿಲ್ಲ.

ಇನ್ನೊಂದು ಸಂಗತಿ. ಭಾರತದ ಹಕ್ಕಿಗಳ ಸ್ಥಿತಿಗತಿಯ ಕುರಿತು 2023ರಲ್ಲಿ ಪ್ರಕಟವಾದ ವರದಿ 942 ಜಾತಿಗಳನ್ನು ಪರಿಶೀಲಿಸಿದೆ. ಅದಕ್ಕೆ ಆಧಾರವಾದದ್ದು 30,000ಕ್ಕೂ ಹೆಚ್ಚು ವೀಕ್ಷಕರು ಸಲ್ಲಿಸಿದ ಸುಮಾರು 3 ಕೋಟಿ ದಾಖಲೆಗಳು. ಅವರೆಲ್ಲ ಪ್ರಾಣಿಶಾಸ್ತ್ರ ಓದಿದವರಾಗಿರಲು ಸಾಧ್ಯವೇ?

ಹಾಗೆಂದು ಹಕ್ಕಿಗಳನ್ನೇ ಉದ್ಯೋಗವಾಗಿಸಿಕೊಂಡವರ ದಾರಿ ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ಗುಂಪಿನಲ್ಲಿ ಅಂಥ ಒಬ್ಬ ಸಂಶೋಧಕಿ ಇದ್ದಾಳೆ. ಅವಳ ಬಗ್ಗೆ ನನಗೆ ತುಂಬ ಗೌರವ. ಆದರೆ ಅವಳ ದಿನಗಳು ಹೇಗೆ ಕಳೆಯುತ್ತವೆಂದು ತಿಳಿದುಕೋ. ಮೊಣಕಾಲಿನವರೆಗಿನ ಕೆಸರಿಗಿಳಿದು ಮಣ್ಣು ತರುವುದು, ಅದನ್ನು ಜಾಲರಿಯಲ್ಲಿ ಸೋಸಿ ಸಣ್ಣ ಜೀವಿಗಳನ್ನು ಎಣಿಸುವುದು, ತಿಂಗಳುಗಟ್ಟಲೆ ಕಂಪ್ಯೂಟರಿನ ಮುಂದೆ ಅಂಕಿಅಂಶ ಹೊಂದಿಸುವುದು, ಹಣ ಕೊಟ್ಟ ಸಂಸ್ಥೆಗೆ ಖರ್ಚಿನ ವಿವರ ಒಪ್ಪಿಸುವುದು, ಒಂದು ಯೋಜನೆ ಮುಗಿಯುವ ಮುನ್ನ ಇನ್ನೊಂದನ್ನು ಹುಡುಕುವುದು. ನಾವು ದುರ್ಬೀನು ಹಿಡಿದು ನಿಲ್ಲುವಷ್ಟು ಹೊತ್ತು ಅವಳಿಗೆ ಸಿಗುವುದಿಲ್ಲ. ಅವಳಿಗೆ ಆ ದುಡಿಮೆಯೇ ಪ್ರೀತಿ, ಆದ್ದರಿಂದ ಅವಳು ಸುಖವಾಗಿದ್ದಾಳೆ. ನಿನಗೂ ಆ ದುಡಿಮೆ ಬೇಕೆನಿಸಿದರೆ ಖಂಡಿತ ಪ್ರಾಣಿಶಾಸ್ತ್ರಕ್ಕೆ ಸೇರು. ಬಿ.ಕಾಂ.ನಲ್ಲಿ ಕಳೆದ ಒಂದು ವರ್ಷದ ಚಿಂತೆ ಬೇಡ.

ಲೆಕ್ಕಪರಿಶೋಧನೆಯ ದಾರಿಯಲ್ಲಿ ಇರುವ ತೊಡಕನ್ನೂ ಮುಚ್ಚಿಡಬಾರದು. ಚಳಿಗಾಲದ ವಲಸೆ ಹಕ್ಕಿಗಳು ಬರತೊಡಗುವ ಸೆಪ್ಟೆಂಬರಿನಲ್ಲಿಯೇ ತೆರಿಗೆ ಆಡಿಟ್ಟಿನ ಗಡುವೂ ಬರುತ್ತದೆ. ನಮ್ಮ ಜೊತೆಗಿರುವ ಸಿ.ಎ. ಅಕ್ಕ ಆ ತಿಂಗಳು ಎಲ್ಲಿಯೂ ಕಾಣಿಸುವುದಿಲ್ಲ. ಆದರೆ ಸ್ವಂತ ಕಚೇರಿ ನಡೆಸುವುದರಿಂದ, ರಾಜಹಂಸಗಳು ಖಾರಿಯಲ್ಲಿರುವ ಚಳಿಗಾಲದ ತಿಂಗಳುಗಳಲ್ಲಿ ಹತ್ತು ಗಂಟೆಯ ಮೊದಲು ಯಾರನ್ನೂ ಭೇಟಿಯಾಗುವುದಿಲ್ಲವೆಂಬ ನಿಯಮವನ್ನು ಆಕೆ ಇಟ್ಟುಕೊಂಡಿದ್ದಾರೆ. ಉದ್ಯೋಗ ಆರಿಸುವಾಗ ಅದರ ಹೆಸರಿಗಿಂತ, ಅದು ನಿನ್ನ ಬೆಳಗುಗಳನ್ನು ಎಷ್ಟು ಬಿಟ್ಟುಕೊಡುತ್ತದೆ ಎಂಬುದನ್ನು ವಿಚಾರಿಸಬೇಕೆಂದು ನಾನು ಕಲಿತದ್ದು ಇಂಥವರಿಂದಲೇ.

ಇಬ್ಬರೊಡನೆಯೂ ಮಾತಾಡಿದ್ದೇನೆ. ಮುಂದಿನ ಶನಿವಾರ ನೀನು ಬಂದರೆ ಸಂಶೋಧಕಿ ತನ್ನ ಪ್ರಯೋಗಾಲಯಕ್ಕೆ ಕರೆದೊಯ್ಯುವೆನೆಂದಿದ್ದಾಳೆ, ಸಿ.ಎ. ಅಕ್ಕ ಅಂದು ಸಂಜೆ ಮನೆಗೇ ಬರುತ್ತಾರೆ. ಇಬ್ಬರಿಗೂ ಸಂಬಳ, ರಜೆ, ಬೇಸರದ ದಿನಗಳು, ಎಲ್ಲವನ್ನೂ ಸಂಕೋಚವಿಲ್ಲದೆ ಕೇಳು. ಪ್ರವೇಶದ ಅರ್ಜಿಗೆ ಇನ್ನೂ ಸಮಯವಿದೆ. ನೀನು ಯಾವುದನ್ನು ನಿಶ್ಚಯಿಸಿದರೂ ಶುಲ್ಕದ ಏರ್ಪಾಡು ನನ್ನದು. ಡೆಕ್ಕನ್ ಕ್ವೀನಿಗೆ ಟಿಕೆಟ್ ಸಿಗದಿದ್ದರೆ ತಿಳಿಸು, ಇಲ್ಲಿಂದಲೇ ಬಸ್ಸಿಗೆ ಕಾಯ್ದಿರಿಸುತ್ತೇನೆ.

ಇಂತು ನಿನ್ನ ಪ್ರೀತಿಯ
ಅಪ್ಪ