ಹೆಡಿಂಗ್ಲಿಯಿಂದ ಸೀನನಿಗೆ

ಪ್ರೀತಿಯ ಸೀನ,

"ಆ ಹೆಡಿಂಗ್ಲಿಯಲ್ಲಿ ಸ್ಟೇಡಿಯಂ ಬಿಟ್ಟರೆ ಇನ್ನೇನಿದೆ ಮಾರಾಯ?" ಅಂತ ಕೇಳಿದ್ದೀಯ. ಉತ್ತರ ವಾಟ್ಸಾಪಿಗೆ ಹಿಡಿಸಲಿಲ್ಲ, ಇಲ್ಲಿ ಎಲ್ಲರೆದುರು ಬರೆಯುತ್ತಿದ್ದೇನೆ. ಓದುವವರು ಓದಿಕೊಳ್ಳಲಿ. ಗೋಡಂಬಿ ಮೇಷ್ಟ್ರ ಪ್ರಸ್ತಾಪ ಬಂದಲ್ಲಿ ನೀನೊಬ್ಬನೇ ನಕ್ಕರೆ ಸಾಕು.

ಮೊದಲು ಸ್ಟೇಡಿಯಮ್ಮೇ. ಇಲ್ಲದಿದ್ದರೆ ನೀನು ಮುಂದೆ ಓದುವವನಲ್ಲ. 2002ರ ಆಗಸ್ಟು, ಇಂಗ್ಲೆಂಡ್ ಎದುರು ಟೆಸ್ಟ್ ಪಂದ್ಯ, ಮೋಡ, ಹಸಿರು ಪಿಚ್ಚು, ಗಂಗೂಲಿಯ ಹುಚ್ಚು ಧೈರ್ಯ. ಸೆಹ್ವಾಗ್ ಬೇಗ ಹೋದ. ಆಮೇಲೆ ನಮ್ಮ ದ್ರಾವಿಡ್, 148. ತೆಂಡೂಲ್ಕರ್ 193 ಹೊಡೆದರೂ ಪಂದ್ಯಶ್ರೇಷ್ಠ ನಮ್ಮವನೇ. ಇನಿಂಗ್ಸ್ ಮತ್ತು 46 ರನ್ನಿನ ಗೆಲುವು. ಇದೇ ನೆಲದಲ್ಲಿ 1952ರಲ್ಲಿ ಸೊನ್ನೆಗೆ ನಮ್ಮ ನಾಲ್ಕು ವಿಕೆಟ್ ಬಿದ್ದದ್ದು, 2021ರಲ್ಲಿ 78ಕ್ಕೆ ಗಂಟುಮೂಟೆ ಕಟ್ಟಿದ್ದು, 2025ರಲ್ಲಿ ಐದು ಶತಕ ಹೊಡೆದೂ ಸೋತು ಕೆ.ಎಲ್. ರಾಹುಲನ 137 ನೀರುಪಾಲಾದದ್ದು, ಇವನ್ನೆಲ್ಲ ನಾವು ಮಾತಾಡುವುದಿಲ್ಲ.

ಇನ್ನು ಊರು. ಇಂಗ್ಲೆಂಡಿನ ಲೀಡ್ಸ್ ನಗರದ ವಾಯವ್ಯಕ್ಕಿದೆ. 1086ರ ಡೂಮ್ಸ್‌ಡೇ ಎಂಬ ಜಮೀನು ದಾಖಲೆಯಲ್ಲೇ ಹೆಸರಿದೆ. ಗಿರಣಿಗಳ ಹೊಗೆ ತಡೆಯಲಾರದ ದುಡ್ಡಿನವರು ಇತ್ತ ಬಂದು ಮನೆ ಕಟ್ಟಿಸಿದರು. 1871ರಲ್ಲಿ ಲೀಡ್ಸಿನ ಕುದುರೆ ಟ್ರಾಮು ಮೊದಲು ಬಂದದ್ದೂ ಇಲ್ಲಿಗೇ. ಚರ್ಚಿನ ಹತ್ತಿರ ಒಂದು ಭಾರೀ ಓಕ್ ಮರ ಇತ್ತಂತೆ, ಅದರಡಿಯಲ್ಲಿ ಹಿಂದೆ ಸೀಮೆಯ ಪಂಚಾಯ್ತಿ ಕೂಡುತ್ತಿತ್ತಂತೆ. 1941ರಲ್ಲಿ ಬಿತ್ತು. ಈಗ ಅದರ ಹೆಸರು ಹೊತ್ತು ಎರಡು ಪಬ್ಬು ಎದುರುಬದುರು ನಿಂತಿವೆ, ಒರಿಜಿನಲ್ ಓಕ್ ಮತ್ತು ಸ್ಕೈರ್ಯಾಕ್ (ಹಳೇ ಇಂಗ್ಲಿಷಿನಲ್ಲಿ ಅದೂ ಓಕೇ). ಶನಿವಾರ ಬಂತೆಂದರೆ ಬಾಳೆಹಣ್ಣು, ಪೊಲೀಸು, ಸನ್ಯಾಸಿನಿಯರ ವೇಷ ತೊಟ್ಟ ಹುಡುಗರು ಆಟ್ಲಿ ರಸ್ತೆಯುದ್ದಕ್ಕೂ ಒಂದೊಂದೇ ಪಬ್ಬು ಹೊಕ್ಕು ಹೊರಟು ನಗರಕ್ಕೆ ಇಳಿಯುತ್ತಾರೆ. ನಮ್ಮ ಕಾಲೇಜ್ ಡೇ ಇದರ ಮುಂದೆ ಭಜನೆ ಕಣೋ.

ಕಾರ್ಡಿಗನ್ ರಸ್ತೆಯಲ್ಲಿ ಕರಡಿ ಗುಂಡಿಯೂ ಇದೆ. 1840ರಲ್ಲಿ ಇಲ್ಲೊಂದು ಮೃಗಾಲಯ ತೆರೆದರು, ಬಹಳ ಕಾಲ ನಡೆಯಲಿಲ್ಲ. ಉಳಿದದ್ದು ಕೋಟೆಯ ಬಾಗಿಲಿನಂಥ ಎರಡು ಗೋಪುರ, ಹಿಂದೊಂದು ಗುಂಡಿ. ಜನ ಗೋಪುರ ಹತ್ತಿ ಕೆಳಗಿದ್ದ ಕರಡಿಯನ್ನು ನೋಡುತ್ತಿದ್ದರು. ಈಗ ಬಸ್ಸಿನಲ್ಲಿ ಹೋಗುವವರು ಗುಂಡಿಯ ಕಡೆ ತಲೆಯೂ ತಿರುಗಿಸುವುದಿಲ್ಲ.

ಆ ಕಾರ್ಡಿಗನ್ ಯಾರು ಗೊತ್ತಾ? 1854ರಲ್ಲಿ ಕ್ರಿಮಿಯಾ ಯುದ್ಧದ ಬಾಲಾಕ್ಲಾವಾದಲ್ಲಿ ಫಿರಂಗಿಗಳ ಬಾಯಿಗೇ ಕುದುರೆ ದಳ ನುಗ್ಗಿಸಿದ ಏಳನೇ ಅರ್ಲ್. ಕಾರ್ಡಿಗನ್ ಅನ್ನುವ ಸ್ವೆಟರಿಗೆ ಹೆಸರು ಕೊಟ್ಟ ಮಹಾನುಭಾವನೂ ಅವನೇ. ಇಲ್ಲಿನ ಜಮೀನು ಆ ಮನೆತನದ್ದು. 1868ರಲ್ಲಿ ತೀರಿಕೊಂಡಾಗ ವಾರಸುದಾರ ಮಕ್ಕಳಿರಲಿಲ್ಲ. 1880ರ ದಶಕದಲ್ಲಿ ಎಸ್ಟೇಟನ್ನು ತುಂಡು ಮಾಡಿ ಮಾರಿದರು. 17ಎ ನಂಬರಿನ ತುಂಡನ್ನು ಯಾರ್ಕ್‌ಷೈರ್ ಕ್ರಿಕೆಟ್ ನಾಯಕ ಲಾರ್ಡ್ ಹಾಕ್ ಮುಂದಾಳತ್ವದ ಕ್ರೀಡಾಪ್ರಿಯರು ಕೊಂಡರು. ಅದೇ ನಿನ್ನ ಸ್ಟೇಡಿಯಂ. ಒಂದು ಕಡೆ ಕ್ರಿಕೆಟ್, ಇನ್ನೊಂದು ಕಡೆ ರಗ್ಬಿ, ನಡುವೆ ಎರಡಕ್ಕೂ ಮುಖ ಮಾಡಿದ ಒಂದೇ ಸ್ಟ್ಯಾಂಡು. 1899ರಲ್ಲಿ ಮೊದಲ ಟೆಸ್ಟ್. ಸುತ್ತಲಿನ ತುಂಡುಗಳ ಮೇಲೆ ಕೆಂಪಿಟ್ಟಿಗೆಯ ಮನೆಸಾಲು ಎದ್ದವು. ಅಂಥದೊಂದರ ಅಟ್ಟದಲ್ಲಿ ನಾನಿದ್ದೇನೆ.

17ಎ ಅಂತ ಓದಿದಾಗ ನಗು ಬಂತು, ಥೇಟ್ ನಮ್ಮ ಪಹಣಿ. ಯಾವ ತುಂಡು ಯಾವ ಬೀದಿಯಾಯಿತು ಅಂತ ಲೈಬ್ರರಿಯಲ್ಲಿ ಕೂತು ಹಳೇ ನಕ್ಷೆಗಳನ್ನು ಒಂದೂ ಬಿಡದೆ ನೋಡಿದೆ. ಇಷ್ಟೊಂದು ಶ್ರದ್ಧೆ ಎಲ್ಲಿಂದ ಬಂತು ಅನ್ನುವುದು ಹೊಳೆದದ್ದು ತಡವಾಗಿ. ಅಣ್ಣ ಕಳಿಸಿದ ಹಕ್ಕುಬಿಡುಗಡೆ ಕಾಗದ ಬೇಸಿಗೆಯಿಂದ ಡ್ರಾಯರಿನಲ್ಲಿ ಬಿದ್ದಿದೆ. ಅದನ್ನು ಬಿಡಿಸಿಯೂ ನೋಡಿಲ್ಲ.

ಅಣ್ಣನದು ಏನೂ ತಪ್ಪಿಲ್ಲ. ಕೊಳೆರೋಗಕ್ಕೆ ಔಷಧಿ ಹೊಡೆಸುವವನು ಅವನು, ಕೊನೆಕೊಯ್ಲಿಗೆ ಆಳು ಸಿಗದೆ ಒದ್ದಾಡುವವನೂ ಅವನೇ. ಹೇಳಿದ ಬೆಲೆಯೂ ನ್ಯಾಯದ್ದೇ. ನನಗೆ ದುಡ್ಡೂ ಬೇಡ, ತೋಟವೂ ಬೇಡ, ಆದರೂ ಪೆನ್ನಿಗೆ ಕೈ ಹೋಗುವುದಿಲ್ಲ. ಸಹಿ ಬಿದ್ದ ಮೇಲೆ ಆ ಮನೆಗೆ ನಾನು ನೆಂಟ. "ಇನ್ನೆರಡು ದಿನ ಇದ್ದು ಹೋಗಿ" ಅನ್ನಿಸಿಕೊಳ್ಳುವ ಪೈಕಿ. ಇಲ್ಲಿಯೋ, ಜುಲೈ ಬಂತೆಂದರೆ ಬೀದಿಗೆ ಬೀದಿಯೇ ಖಾಲಿ. ಹಾಸಿಗೆ, ಸೋಫಾ ಎಲ್ಲ ಫುಟ್‌ಪಾತಿಗೆ ಬಿದ್ದು ಹೊಸ ವಿದ್ಯಾರ್ಥಿಗಳು ಬರುತ್ತಾರೆ. ಗುರುತಾದ ಮುಖಗಳೆಲ್ಲ ಹೋಗಿರುತ್ತವೆ. ಅಪ್ಪ ತೋಟದ ಗಡಿ ತೋರಿಸುತ್ತೇನೆ ಬಾ ಅಂದಾಗೆಲ್ಲ ಉಂಬಳ ಹತ್ತುತ್ತೆ ಅಂತ ತಪ್ಪಿಸಿಕೊಂಡವನು ನಾನು. ಅರ್ಲನ ಎಸ್ಟೇಟಿನ ಎಲ್ಲೆ ಈಗ ಕತ್ತಲಲ್ಲೂ ನಡೆದು ತೋರಿಸಬಲ್ಲೆ. ಸೊಪ್ಪಿನ ಬೆಟ್ಟದ ಕಡೆಯ ನಮ್ಮ ಗಡಿಕಲ್ಲು ಎಲ್ಲಿದೆ, ಅದನ್ನು ಕೇಳೋಣವೆಂದರೆ ಅಪ್ಪ ಇಲ್ಲ.

ಇಷ್ಟೆಲ್ಲ ಬರೆಯುವ ಇರಾದೆ ಇರಲಿಲ್ಲ ಮಾರಾಯ. ಅಳಿಸೋಣವೆಂದರೆ ಫೋನಿನಲ್ಲಿ ಕನ್ನಡ ಟೈಪಿಸಿದ ಶ್ರಮ ನೆನಪಾಗಿ ಸಂಕಟವಾಗುತ್ತದೆ. ಆ ಕರಡಿ ಗುಂಡಿ ದಿನದ ಬಾಡಿಗೆಗೆ ಸಿಗುತ್ತದೇನೋ ವಿಚಾರಿಸುತ್ತೇನೆ. ಗೋಡಂಬಿ ಮೇಷ್ಟ್ರನ್ನು ಒಳಗಿಳಿಸಿ ನಾವಿಬ್ಬರೂ ಗೋಪುರ ಹತ್ತಬಹುದು. ನೀನು ಬರುವಾಗ ಅಪ್ಪೆಮಿಡಿ ತಾ, ದ್ರಾವಿಡ್ ಫೋಟೋ ಬೇಡ, ಇದೆ.

ಅಣ್ಣ ಫೇಸ್‌ಬುಕ್ಕಿನಲ್ಲಿಲ್ಲ, ಅದೊಂದೇ ಧೈರ್ಯ. ಅತ್ತಿಗೆ ಇದ್ದಾರೆ. ಅತ್ತಿಗೇ, ಇದು ಬರೀ ಕಥೆ.

ನಿನ್ನ,
ಸೆಕೆಂಡ್ ಸ್ಲಿಪ್